ಪುನರ್ವಸತಿ: ಕಿಲ್ಲಾರಿಯ ಪಾಠ ಮರೆಯದಿರಲಿ

ಸಂಪಾದಕರಿಗೆ,

ಮಾನ್ಯರೇ,

2025ರ ಸೆಪ್ಟೆಂಬರಿನಲ್ಲಿ ಸೀನಾ ನದಿ ಉಕ್ಕಿ ಸೋಲಾಪುರ ಮತ್ತು ಧಾರಾಶಿವ ಜಿಲ್ಲೆಗಳ ದಂಡೆಯ ಊರುಗಳಿಗೆ ನುಗ್ಗಿತು. ಇಂಥ ಪ್ರತಿ ಅನಾಹುತದ ನಂತರವೂ ‘ಸರ್ಕಾರ ಜಾಗ ಕೊಡಲಿ, ದಾನಿಗಳು ಮನೆ ಕಟ್ಟಿಕೊಡಲಿ’ ಎಂಬ ಸಲಹೆ ಬರುವುದು ವಾಡಿಕೆ. ಅದನ್ನು ಒಪ್ಪುವ ಮೊದಲು 1993ರ ಭೂಕಂಪದ ನಂತರ ನಮ್ಮ ಮಗ್ಗುಲಲ್ಲೇ, ಲಾತೂರ ಜಿಲ್ಲೆಯ ಕಿಲ್ಲಾರಿ ಮತ್ತು ಸುತ್ತಲಿನ ಊರುಗಳಲ್ಲಿ, ನಡೆದ ಪುನರ್ವಸತಿಯನ್ನು ಅಧಿಕಾರಿಗಳೂ ಸಂಸ್ಥೆಗಳೂ ಒಮ್ಮೆ ತಿರುಗಿ ನೋಡಬೇಕೆಂದು ಈ ಪತ್ರ ಬರೆಯುತ್ತಿದ್ದೇನೆ.

1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ, ಗಣಪತಿ ಕಳಿಸಿ ಬಂದು ಮಲಗಿದ್ದ ಲಾತೂರ ಮತ್ತು ಉಸ್ಮಾನಾಬಾದ್ (ಇಂದಿನ ಧಾರಾಶಿವ) ಜಿಲ್ಲೆಗಳ ಜನರ ಮೇಲೆ ಭೂಕಂಪದಿಂದ ಅವರವರ ಮನೆಗಳೇ ಕುಸಿದವು. ಕೆಸರಿನಲ್ಲಿ ಕಟ್ಟಿದ ದಪ್ಪ ಕಲ್ಲಿನ ಗೋಡೆ, ಅದರ ಮೇಲೆ ವರ್ಷವರ್ಷವೂ ಮಣ್ಣು ಹೇರಿ ಭಾರವಾದ ಮಾಳಿಗೆ, ಇವೆರಡೂ ಸೇರಿ ಸುಮಾರು 10 ಸಾವಿರ ಜೀವಗಳನ್ನು ಬಲಿ ತೆಗೆದುಕೊಂಡವು. ವಿಶ್ವಬ್ಯಾಂಕಿನ ಸಾಲ ಪಡೆದ ಮಹಾರಾಷ್ಟ್ರ ಸರ್ಕಾರ 52 ಹಳ್ಳಿಗಳನ್ನು ಪೂರ್ತಿಯಾಗಿ ಬೇರೆಡೆಗೆ ಸ್ಥಳಾಂತರಿಸಿತು. ಅವುಗಳಲ್ಲಿ ಹಲವನ್ನು ದಾನಿ ಸಂಸ್ಥೆಗಳು ವಹಿಸಿಕೊಂಡವು. ಹೊಲದ ಲೆಕ್ಕಕ್ಕೆ ತಕ್ಕಂತೆ 250, 400 ಮತ್ತು 750 ಚದರ ಅಡಿಯ ಮನೆಗಳು ಬಂದವು. ಭೂಮಿ ಇಲ್ಲದವರಿಗೂ ಒಂದು ಹೆಕ್ಟೇರಿನೊಳಗಿನ ರೈತರಿಗೂ ಸಿಕ್ಕಿದ್ದು 250 ಚದರ ಅಡಿ. ಒಂದು ಜೋಡಿ ಎತ್ತು, ಒಂದು ಎಮ್ಮೆ, ಬೇಸಿಗೆಗೆ ಒಟ್ಟಿದ ಜೋಳದ ಕಣಿಕೆ, ಮಳೆಗಾಲಕ್ಕೆ ಕೂಡಿಟ್ಟ ಕುಳ್ಳು ಇರುವ ಮನೆತನ ಅಷ್ಟರಲ್ಲಿ ಬಾಳುವುದು ಹೇಗೆಂದು ನಕ್ಷೆ ಬರೆದವರು ಕೇಳಲಿಲ್ಲ. ಪಟ್ಟಣದ ಬಡಾವಣೆಯಂತೆ ಗೆರೆ ಎಳೆದ ಬೀದಿಗಳಲ್ಲಿ ಹಳೆಯ ನೆರೆಹೊರೆ ಚದುರಿತು. ಎಲ್ಲರೂ ಹೀಗೇ ಮಾಡಿದರೆಂದಲ್ಲ. ಬಾಣೇಗಾಂವದಲ್ಲಿ ವಾಸ್ತುಶಿಲ್ಪಿ ಲಾರಿ ಬೇಕರ್ ಅವರು ಅಂಗಳದ ಸುತ್ತ ಮನೆಗಳನ್ನು ಜೋಡಿಸಿದ ಮಾದರಿ ಇಂದಿಗೂ ನೋಡತಕ್ಕದ್ದು.

ಆದರೆ ಕಿಲ್ಲಾರಿಯ ನಿಜವಾದ ಸಾಧನೆ ಈ ಹೊಸ ಊರುಗಳಲ್ಲಿಲ್ಲ. ಕಡಿಮೆ ಹಾನಿಯಾದ ಊರುಗಳಲ್ಲಿ ಸರ್ಕಾರ ಹಣವನ್ನು ಕಂತುಕಂತಾಗಿ ಮನೆಯ ಯಜಮಾನರಿಗೇ ಕೊಟ್ಟು, ಎಂಜಿನಿಯರುಗಳನ್ನು ಜೊತೆಗಿಟ್ಟು, ಸುಮಾರು 2 ಲಕ್ಷ ಮನೆಗಳನ್ನು ಅವರಿಂದಲೇ ದುರಸ್ತಿ ಮಾಡಿಸಿ ಗಟ್ಟಿಗೊಳಿಸಿತು. ಮಾಳಿಗೆಯ ಮಣ್ಣು ಇಳಿಸುವುದು, ಗೋಡೆಯ ಒಳಮುಖ ಹೊರಮುಖಗಳನ್ನು ಹಿಡಿದಿಡುವ ಉದ್ದಗಲ್ಲು ಕೂಡಿಸುವುದು, ಕಂಬಕ್ಕೂ ತೊಲೆಗೂ ಓರೆಪಟ್ಟಿ ಬಡಿಯುವುದು, ಇವು ಊರಿನ ಗೌಂಡಿಗೂ ಬಡಿಗನಿಗೂ ತಿಳಿಯುವ ಕೆಲಸಗಳು. ಸ್ವಯಂ ಶಿಕ್ಷಣ ಪ್ರಯೋಗ ಎಂಬ ಸಂಸ್ಥೆ ‘ಸಂವಾದ ಸಹಾಯಕ’ರೆಂದು ತಯಾರು ಮಾಡಿದ ಹಳ್ಳಿಯ ಹೆಣ್ಣುಮಕ್ಕಳು ಸರ್ಕಾರಕ್ಕೂ ಮನೆಯವರಿಗೂ ನಡುವೆ ನಿಂತು, ಕಂತು ಯಾವಾಗ ಬರುತ್ತದೆ, ಕಬ್ಬಿಣ ಎಷ್ಟು ಬೇಕು ಎಂಬುದನ್ನು ಮನೆಮನೆಗೆ ವಿವರಿಸಿದರು. ಸಂಸ್ಥೆಗಳಿಗೆ ತಕ್ಕ ಕೆಲಸ ಇದೇ ಎಂಬುದು ನನ್ನ ದೃಢ ಅಭಿಪ್ರಾಯ.

2009ರ ನೆರೆಯ ನಂತರ ಕರ್ನಾಟಕದಲ್ಲಿ ‘ಆಸರೆ’ ಯೋಜನೆಯಡಿ ದಾನಿಗಳ ನೆರವಿನಿಂದ ಎದ್ದ ಎಷ್ಟೋ ಮನೆಗಳು ಹೊಲ ದೂರವಾಯಿತು, ನೀರಿಲ್ಲ ಎಂಬ ಕಾರಣಕ್ಕೆ ಖಾಲಿ ಬಿದ್ದದ್ದನ್ನು ತಮ್ಮ ಓದುಗರೂ ಬಲ್ಲರು.

ಜಾಗ, ಪರಿಹಾರ, ಮನೆಯ ಭದ್ರತೆಯ ನಿಯಮ, ಮುಂದಿನ ನೀರು-ದೀಪ-ರಸ್ತೆಗಳ ಹೊಣೆ ಸರ್ಕಾರದ್ದೇ. ಕಟ್ಟಡ ಹಸ್ತಾಂತರಿಸಿ ಹೊರಟುಹೋಗುವ ಸಂಸ್ಥೆಗೆ ಅದನ್ನು ಒಪ್ಪಿಸಲು ಬಾರದು. ವಿಪತ್ತು ಪರಿಹಾರ ನಿಧಿಯ 2022–26ರ ನಿಯಮದಂತೆ ಬಯಲುಸೀಮೆಯಲ್ಲಿ ಪೂರ್ತಿ ಬಿದ್ದ ಮನೆಗೆ ನಿಗದಿಯಾದದ್ದು 1.20 ಲಕ್ಷ ರೂಪಾಯಿ. ಇಂದಿನ ಸಿಮೆಂಟು, ಕಬ್ಬಿಣ, ಕೂಲಿಯ ದರದಲ್ಲಿ ಅದು ಸಾಲದು. ದಾನಿಗಳು ಈ ಕೊರತೆಯನ್ನು ಮನೆಯವರ ಕೈಯಲ್ಲೇ ತುಂಬಿಸಿಕೊಟ್ಟರೆ ಅದು ದೊಡ್ಡ ಉಪಕಾರ.

ಅಕ್ಕಲಕೋಟ, ದಕ್ಷಿಣ ಸೋಲಾಪುರ, ಜತ್ತ ತಾಲ್ಲೂಕುಗಳ ಕನ್ನಡಿಗರಿಗೆ ಇನ್ನೊಂದು ತೊಡಕಿದೆ. ತಲಾಠಿ (ಊರಿನ ಕಂದಾಯ ಅಧಿಕಾರಿ) ಬರೆಯುವ ಪಂಚನಾಮೆ, ಸಾತ್‌ಬಾರಾ ಉತಾರೆ (ಜಮೀನಿನ ಪಹಣಿ), ಅರ್ಜಿ ಎಲ್ಲವೂ ಮರಾಠಿಯಲ್ಲಿರುತ್ತವೆ. ಕನ್ನಡ ಶಾಲೆಯಲ್ಲಿ ಓದಿದ ಹಿರಿಯರು, ಅದರಲ್ಲೂ ಒಂಟಿ ಹೆಣ್ಣುಮಕ್ಕಳು, ಏನು ಬರೆದಿದೆ ಎಂದು ತಿಳಿಯದೆಯೇ ಹೆಬ್ಬೆಟ್ಟು ಒತ್ತುತ್ತಾರೆ. ಆದ್ದರಿಂದ ಜಿಲ್ಲಾಡಳಿತವು ಪ್ರತಿ ಸಂತ್ರಸ್ತ ಊರಿಗೆ ಎರಡೂ ಭಾಷೆ ಬಲ್ಲ ಒಬ್ಬ ಸಂವಾದ ಸಹಾಯಕಿಯನ್ನು ನೇಮಿಸಲಿ, ಫಲಾನುಭವಿಗಳ ಪಟ್ಟಿಯನ್ನು ಗ್ರಾಮ ಪಂಚಾಯಿತಿಯ ಗೋಡೆಗೆ ಕನ್ನಡದಲ್ಲೂ ಅಂಟಿಸಲಿ, ಮತ್ತು ಮನೆ ಕಟ್ಟಲು ಬರುವ ಯಾವುದೇ ಸಂಸ್ಥೆಯೊಡನೆ ಒಪ್ಪಂದಕ್ಕೆ ಸಹಿ ಹಾಕುವ ಮೊದಲು ಅದರ ನಕ್ಷೆಯನ್ನು ಗ್ರಾಮಸಭೆಯ ಮುಂದಿಡಲಿ ಎಂದು ತಮ್ಮ ಪತ್ರಿಕೆಯ ಮೂಲಕ ವಿನಂತಿಸುತ್ತೇನೆ.

ಇಂತಿ,
ಒಬ್ಬ ಓದುಗ,
ಅಕ್ಕಲಕೋಟ ತಾಲ್ಲೂಕು, ಸೋಲಾಪುರ ಜಿಲ್ಲೆ