ಪ್ಲೇಟ್ ಮತ್ತು ಎಫ್‌ಸಿ: ಆಟೋ ಸ್ಟ್ಯಾಂಡಿನ ಎಲ್ಲರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ. ಎಫ್‌ಸಿಗೆ, ಅಂದರೆ ಗಾಡಿ ಓಡಿಸಲು ಯೋಗ್ಯ ಅನ್ನುವ ಫಿಟ್ನೆಸ್ ಸರ್ಟಿಫಿಕೇಟಿಗೆ, ಹೋಗುವವರು ದಯವಿಟ್ಟು ಇದನ್ನು ಪೂರ್ತಿ ಓದಿ.

ಮೊದಲು ನಂಬರ್ ಪ್ಲೇಟ್. 2019ರ ಏಪ್ರಿಲ್ 1ಕ್ಕಿಂತ ಮುಂಚೆ ನೋಂದಣಿಯಾದ ಗಾಡಿಗಳಿಗೂ ಎಚ್‌ಎಸ್‌ಆರ್‌ಪಿ (ಹೈ ಸೆಕ್ಯುರಿಟಿ ನಂಬರ್ ಪ್ಲೇಟ್) ಬೇಕೇ ಬೇಕು. ಅಂಗಡಿಯಲ್ಲಿ 'ಐಎನ್‌ಡಿ' ಅಂತ ಸ್ಟಿಕ್ಕರ್ ಅಂಟಿಸಿ ಕೊಡುವ ಪ್ಲೇಟ್ ನಡೆಯುವುದಿಲ್ಲ. ಅಸಲಿ ಪ್ಲೇಟಿನಲ್ಲಿ ಅಶೋಕ ಚಕ್ರದ ಹಾಲೋಗ್ರಾಂ ಇರುತ್ತದೆ, ಕೆಳಗೆ ಎಡಕ್ಕೆ ಲೇಸರ್‌ನಲ್ಲಿ ಕೊರೆದ ನಂಬರ್ ಇರುತ್ತದೆ. ಸಾರಿಗೆ ಇಲಾಖೆಯ ವೆಬ್‌ಸೈಟ್ ಮೂಲಕವೇ ಬುಕ್ ಮಾಡಿ. ಪ್ಲೇಟನ್ನು ಗಾಡಿಗೆ ಹಿಡಿಸುವ ಸ್ನ್ಯಾಪ್ ಲಾಕ್ ಒಮ್ಮೆ ಬಿಚ್ಚಿದರೆ ಮತ್ತೆ ಕೂರುವುದಿಲ್ಲ. ಹಾಗಾಗಿ ಪೇಂಟ್, ಟಿಂಕರಿಂಗ್ ಕೆಲಸಕ್ಕೆ ಬಿಡುವಾಗ ಮೆಕ್ಯಾನಿಕ್‌ಗೆ ಮೊದಲೇ ಹೇಳಿ. ಪ್ಲೇಟ್ ಮುಚ್ಚುವ ಹಾಗೆ ಹೂವಿನ ಹಾರ, ಬಂಪರ್ ಕಂಬಿ ಬೇಡ. ಹಾರ ಹಾಕಲೇಬೇಕು ಅಂದರೆ ಸ್ವಲ್ಪ ಮೇಲೆ ಕಟ್ಟಿ, ದೇವರು ಒಪ್ಪುತ್ತಾನೆ.

ನಮ್ಮ ಹಳದಿ ಬೋರ್ಡ್ ಗಾಡಿಗೆ ಎಂಟು ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ ಎಫ್‌ಸಿ, ಆಮೇಲೆ ಪ್ರತಿ ವರ್ಷ. ಹೋದ ಸಲ ನನ್ನ ಆಟೋ ವಾಪಸ್ ಬಂತು. ಬ್ರೇಕ್ ಲೈಟ್ ಉರಿಯುತ್ತಿರಲಿಲ್ಲ, ಅಷ್ಟೇ. ಒಂದು ಬಲ್ಬಿಗಾಗಿ ಇಡೀ ದಿನದ ಬಾಡಿಗೆ ಹೋಯಿತು. ಹಿಂದಿನ ದಿನವೇ ಲೈಟು, ಇಂಡಿಕೇಟರ್, ಹಾರ್ನ್, ವೈಪರ್, ಟೈರು ನೋಡಿಕೊಳ್ಳಿ. ಹಿಂದೆ ಒಬ್ಬರನ್ನು ನಿಲ್ಲಿಸಿ ಬ್ರೇಕ್ ಒತ್ತಿ ನೋಡಿ. ಇನ್ಶೂರೆನ್ಸ್, ಎಮಿಷನ್ ಸರ್ಟಿಫಿಕೇಟ್ ತಾರೀಖು ಮುಗಿದಿರಬಾರದು.

ಎಫ್‌ಸಿ ಇಲ್ಲದೆ ಓಡಿಸಬೇಡಿ. ಅಪಘಾತವಾದರೆ ಇನ್ಶೂರೆನ್ಸ್ ಕ್ಲೇಮಿಗೂ ತೊಂದರೆ. ಹಿಂದೆ ಕೂತವರ ಜೀವ ನಮ್ಮ ಕೈಯಲ್ಲಿದೆ ಅಲ್ವಾ?

ಬುಕ್ ಮಾಡಲು ಬಾರದವರು ಸಂಜೆ ಆರ್‌ಸಿ ಹಿಡಿದು ಸ್ಟ್ಯಾಂಡಿಗೆ ಬನ್ನಿ. ನಾನೇ ಮೊಬೈಲಿನಲ್ಲಿ ಮಾಡಿಕೊಡುತ್ತೇನೆ.