'ಜಿಪ್ಸಿ' ಬೇಡ, ರೋಮಾ ಎನ್ನಿ

ಮಾನ್ಯರೇ,

ಯುರೋಪಿನ ರೋಮಾ ಜನರನ್ನು ನಮ್ಮ ಪತ್ರಿಕೆಗಳು ಈಗಲೂ 'ಜಿಪ್ಸಿ'ಗಳು ಎಂದು ಬರೆಯುವುದು ಸರಿಯಲ್ಲ. ಇವರು ಈಜಿಪ್ಟಿನಿಂದ ಬಂದವರು ಎಂಬ ತಪ್ಪು ತಿಳಿವಳಿಕೆಯಿಂದ ಹುಟ್ಟಿದ ಹೆಸರದು. ಅವರಲ್ಲಿ ತುಂಬಾ ಜನಕ್ಕೆ ಅದು ಬೈಗುಳದಂತೆ ಕೇಳಿಸುತ್ತದೆ. ಅವರ ಬೇರು ಇರುವುದು ಭಾರತದಲ್ಲಿ. ರೋಮಾನಿ ಭಾಷೆಯಲ್ಲಿ ನೀರಿಗೆ 'ಪಾನಿ', ಮೂಗಿಗೆ 'ನಾಕ್', ಕಿವಿಗೆ 'ಕಾನ್'. ಹಿಂದಿ ಅಲ್ಪಸ್ವಲ್ಪ ಬಲ್ಲವರಿಗೂ ಇದು ನಮ್ಮ ಕಡೆಯದ್ದೇ ಅನ್ನಿಸುತ್ತದೆ, ಅಲ್ವಾ? 1971ರಲ್ಲಿ ಲಂಡನ್ ಬಳಿ ಸೇರಿದ ಮೊದಲ ವಿಶ್ವ ರೋಮಾನಿ ಸಮ್ಮೇಳನ ಒಪ್ಪಿದ ಬಾವುಟದಲ್ಲೂ ಅಶೋಕ ಚಕ್ರವನ್ನು ನೆನಪಿಸುವ ಕೆಂಪು ಚಕ್ರವಿದೆ. ಕಡ್ಡಿಗಳು ಮಾತ್ರ 16.

ಹಾಗಂತ ಎಲ್ಲರನ್ನೂ ಸುಮ್ನೆ ಒಂದೇ ಹೆಸರಿನಡಿ ತುರುಕುವುದೂ ತಪ್ಪು. ಇವರದೇ ಗುಂಪಾದ ಜರ್ಮನಿಯ ಸಿಂತಿಗಳಲ್ಲಿ ಅನೇಕರು 'ರೋಮಾ' ಎಂದರೂ ಒಪ್ಪುವುದಿಲ್ಲ. ಸ್ಪೇನಿನಲ್ಲಿರುವ ಗುಂಪಿನವರು ಕಾಲೆಗಳು. ರೊಮೇನಿಯಾ ಕಡೆಯ ಕಾಲ್ಡೆರಾಶ್ ಗುಂಪಿಗೆ ಆ ಹೆಸರು ಬಂದದ್ದು ಅವರು ಬಡಿದು ಮಾಡುತ್ತಿದ್ದ ತಾಮ್ರದ ಹಂಡೆಗಳಿಂದ.

ಸುದ್ದಿ ಬರೆಯುವಾಗ ಗುಂಪಿನ ಹೆಸರು ಗೊತ್ತಿದ್ದರೆ ಅದನ್ನೇ ಬಳಸಿ, ಇಲ್ಲದಿದ್ದರೆ 'ರೋಮಾ' ಸಾಕು. 'ಜಿಪ್ಸಿ'ಯನ್ನು ಸಫಾರಿ ಜೀಪಿಗೆ ಬಿಟ್ಟುಬಿಡೋಣ.

– ಓದುಗ, ಧಾರವಾಡ