ಅಣ್ಣನೇ ಎದುರು ಪಾರ್ಟಿ, ಅಣ್ಣನೇ ದುಭಾಷಿ!

ಮಾನ್ಯರೇ,

2024ರ ಏಪ್ರಿಲ್‌ನಲ್ಲಿ ಕಿವಿ ಕೇಳದ, ಬೆಂಗಳೂರಿನ ವಕೀಲೆ ಸಾರಾ ಸನ್ನಿ ಅವ್ರು ನಮ್ಮ ಹೈಕೋರ್ಟಲ್ಲಿ ಸೈನ್ ಲಾಂಗ್ವೇಜಲ್ಲೇ ವಾದ ಮಾಡಿದ್ರು, ದುಭಾಷಿ ಒಬ್ರು ಅದನ್ನ ನ್ಯಾಯಮೂರ್ತಿ ನಾಗಪ್ರಸನ್ನ ಅವ್ರಿಗೆ ಮಾತಲ್ಲಿ ಹೇಳಿದ್ರು. ಅದಕ್ಕೂ ಮುಂಚೆ 2023ರಲ್ಲಿ ಸುಪ್ರೀಂ ಕೋರ್ಟಲ್ಲೂ ಹೀಗೇ ಆಗಿತ್ತು. ಓದಿ ಖುಷಿ ಆಯ್ತು. ಆದ್ರೆ ತಾಲ್ಲೂಕು ಕೋರ್ಟಿಗೆ, ಪೊಲೀಸ್ ಸ್ಟೇಷನ್ನಿಗೆ ಬರೋ ಕಿವಿ ಕೇಳದವ್ರಿಗೆ ಯಾರಿದ್ದಾರೆ?

ಒಂದು ತಾಲ್ಲೂಕು ಕೋರ್ಟಲ್ಲಿ ನಾನೇ ನೋಡಿದ್ದು, ಜಮೀನಿನ ಪಾಲಿನ ಕೇಸು, ಹೆಣ್ಮಗಳಿಗೆ ಹುಟ್ಟಿದಾಗಿಂದ ಕಿವಿ ಕೇಳಲ್ಲ, ಅವಳಿಗೆ ಕೇಳಿದ ಪ್ರಶ್ನೆನೆಲ್ಲಾ ಸನ್ನೆಯಲ್ಲಿ ಹೇಳಿ ಅವಳ ಉತ್ತರ ಬರೆಸ್ತಾ ಇದ್ದಿದ್ದು ಅವಳ ಅಣ್ಣ, ಅದೇ ಪಾಲಿನಲ್ಲಿ ಅವನೂ ಪಾರ್ಟಿ! ವಕೀಲ್ರು ಉದ್ದಕ್ಕೆ ಪ್ರಶ್ನೆ ಹಾಕೋರು, ಇವನು ಎರಡು ಸಲ ಕೈ ಆಡಿಸೋನು, ಅವಳು ತಲೆ ಆಡಿಸೋಳು, "ಒಪ್ತಾಳೆ ಸಾರ್" ಅನ್ನೋನು. ಏನು ಒಪ್ಪಿದ್ಲು ಅಂತ ಅವಳಿಗಾದ್ರೂ ಗೊತ್ತಿತ್ತಾ?

ಇದಕ್ಕೆ ಕಾನೂನು ಇಲ್ಲ ಅಂತಲ್ಲ. ಮಾತು ಬಾರದ ಸಾಕ್ಷಿಯ ಹೇಳಿಕೆ ತಗೊಳ್ಳುವಾಗ ಕೋರ್ಟು ದುಭಾಷಿ ಅಥವಾ ವಿಶೇಷ ಶಿಕ್ಷಕರ ಸಹಾಯ ಪಡೀಬೇಕು, ವಿಡಿಯೋ ಮಾಡಿಸ್ಬೇಕು ಅಂತ 2013ರಲ್ಲೇ ಸಾಕ್ಷ್ಯ ಕಾಯ್ದೆಗೆ ತಿದ್ದುಪಡಿ ಬಂತು, ಈಗಿನ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲೂ ಅದಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 12ನೇ ಸೆಕ್ಷನ್ನೂ ಅವರಿಗೆ ಬೇಕಾದ ಭಾಷೆಯಲ್ಲೇ ಸಾಕ್ಷಿ ದಾಖಲಿಸೋ ಸೌಲಭ್ಯ ಇರ್ಬೇಕು ಅನ್ನತ್ತೆ. ಇನ್ನು ದುಭಾಷಿಗೆ ಆ ಕೇಸಲ್ಲಿ ಯಾವ ಹಿತಾಸಕ್ತಿನೂ ಇರಬಾರದು, ಪ್ರಮಾಣ ಮಾಡಿಸ್ಬೇಕು ಅಂತ ರಾಜಸ್ಥಾನದ ಒಂದು ಕೊಲೆ ಕೇಸಲ್ಲಿ ಸುಪ್ರೀಂ ಕೋರ್ಟು 2012ರಲ್ಲೇ ಹೇಳಿದೆ.

ಕೆಲವ್ರು "ಬರೆದು ತೋರಿಸಿದ್ರೆ ಆಯ್ತಲ್ಲ" ಅಂತಾರೆ. ಓದು ಬರಹ ಚೆನ್ನಾಗಿ ಬರೋರಿಗೆ ಸರಿ. ಆದ್ರೆ ಹುಟ್ಟಿನಿಂದ ಕಿವಿ ಕೇಳದ ಎಷ್ಟೋ ಜನಕ್ಕೆ ಕನ್ನಡನೇ ಎರಡನೇ ಭಾಷೆ, ಕೋರ್ಟಿನ ಕನ್ನಡ ಕೇಳೋದೇ ಬೇಡ, ನಮಗೇ ಅರ್ಥ ಆಗಲ್ಲ ಅದು. ಸ್ಕೂಲಿಗೇ ಹೋಗದೆ ಮನೆ ಸನ್ನೆ ಮಾತ್ರ ಗೊತ್ತಿರೋರ ಕಷ್ಟ ಇನ್ನೂ ಜಾಸ್ತಿ. ಅಂಥವ್ರ ಸನ್ನೆ ಟ್ರೈನಿಂಗ್ ಆದ ದುಭಾಷಿಗೂ ಪೂರ್ತಿ ತಿಳಿಯಲ್ಲ, ಜೊತೆಗೆ ಕಿವುಡ್ರೇ ಆದ ಇನ್ನೊಬ್ಬ ದುಭಾಷಿ ಕೂತು ಅವರಿಗೆ ಅರ್ಥ ಆಗೋ ಹಾಗೆ ಹೇಳ್ಬೇಕಾಗತ್ತೆ. ಪಾಟಿ ಸವಾಲು ಉದ್ದ ಆದ್ರೆ ಒಬ್ಬರ ಕೈಲಿ ಆಗಲ್ಲ, ಇಬ್ರು ಸರದಿ ಮೇಲೆ ಮಾಡ್ಬೇಕು. ಎಲ್ರೂ ಒಟ್ಟಿಗೆ ಮಾತಾಡೋ ನಮ್ಮ ಕೋರ್ಟ್ ಹಾಲಲ್ಲಿ ಅವರ ಪಾಡು ದೇವ್ರಿಗೇ ಪ್ರೀತಿ.

ಹಾಗಾಗಿ ಪ್ರತಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಸರ್ಟಿಫಿಕೇಟ್ ಇರೋ ದುಭಾಷಿಗಳ ಪಟ್ಟಿ ಇಟ್ಕೊಂಡು ಅದನ್ನ ಎಲ್ಲಾ ಕೋರ್ಟಿಗೂ ಸ್ಟೇಷನ್ನಿಗೂ ಕೊಡ್ಲಿ, ಫೀಸು ಸರ್ಕಾರ ಕೊಡ್ಲಿ, ಕಕ್ಷಿದಾರರ ತಲೆಗೆ ಕಟ್ಟೋದು ಬೇಡ. ಜಿಲ್ಲೆಯಲ್ಲಿ ಯಾರೂ ಸಿಗದಿದ್ರೆ ಬೆಂಗಳೂರು ಮೈಸೂರಿಂದ ವಿಡಿಯೋ ಕಾನ್ಫರೆನ್ಸಲ್ಲಿ ಕರೀಬಹುದಲ್ಲ, ಕೊರೋನಾ ಟೈಮಲ್ಲಿ ಕೇಸುಗಳನ್ನೇ ಹಾಗೆ ನಡೆಸಿದ್ವಿ. ಅಂಗವಿಕಲರಿಗೆ ಉಚಿತ ವಕೀಲ್ರು ಸಿಗೋ ವ್ಯವಸ್ಥೆ ಈಗಾಗ್ಲೇ ಇದೆ, ಆದ್ರೆ ಆ ವಕೀಲ್ರ ಜೊತೆ ಮಾತಾಡೋಕೆ ದುಭಾಷಿ ಇಲ್ದಿದ್ರೆ ಏನು ಪ್ರಯೋಜನ, ಅದಕ್ಕೆ ಸಾಕ್ಷಿ ಹೇಳೋ ದಿನ ಮಾತ್ರ ಅಲ್ಲ, ವಕೀಲ್ರನ್ನ ಮೊದಲ ಸಲ ನೋಡೋಕೆ ಹೋಗೋ ದಿನದಿಂದ್ಲೇ ದುಭಾಷಿ ಜೊತೆಗಿರ್ಬೇಕು.

– ಒಬ್ಬ ಓದುಗ, ಹಾಸನ